ಯಾರ ಬೆವರು, ಯಾರ ದ್ರಾಕ್ಷಾರಸ?

ಈಗ ವೈನ್ ಮಾಡುವವರೂ ಮೌಲ್ಯಗಳ ಮಾತಾಡುತ್ತಿದ್ದಾರೆ. ದೊಡ್ಡ ಕಾರ್ಖಾನೆ ಬೇಡ, ಸಣ್ಣದಾಗಿ ಮಾಡೋಣ ಅಂತಾರೆ. ವಿಷ ಹೊಡೆಯದೆ ಬೆಳೆಯೋಣ, ಹೊರಗಿನ ಹುದುಗು ಹಾಕದೆ ಹಣ್ಣಿನ ಮೈಮೇಲಿರುವ ಹುದುಗಿನಿಂದಲೇ ಹುಳಿ ಬರಿಸೋಣ, ಗಂಧಕ ಆದಷ್ಟೂ ಕಡಿಮೆ ಮಾಡೋಣ, ಮಣ್ಣಿನ ರುಚಿ ಲೋಟಕ್ಕೆ ಬರಲಿ ಅಂತಾರೆ. ಮಾತು ಚೆನ್ನಾಗಿದೆ. ಅದನ್ನು ಗೇಲಿ ಮಾಡಲು ನಾವು ಹೊರಟಿಲ್ಲ. ಆದರೆ ಶತಮಾನಗಳಿಂದ ಬೇರೆಯವರ ಮೌಲ್ಯಗಳನ್ನು ಹೊತ್ತು ಬೆನ್ನು ಬಾಗಿದವರು ನಾವು. ಯಾರಾದರೂ ಮೌಲ್ಯ ಅಂದ ಕೂಡಲೇ ನಮ್ಮ ಬಾಯಿಗೆ ಬರುವ ಪ್ರಶ್ನೆ ಒಂದೇ: ಈ ಮೌಲ್ಯಕ್ಕೆ ಬೆಲೆ ತೆರುವವರು ಯಾರು?

ಹೊಟ್ಟೆಗೆ ಹಿಟ್ಟಿಲ್ಲದವರ ಪತ್ರಿಕೆಯಲ್ಲಿ ವೈನಿನ ಮಾತ್ಯಾಕ್ರೀ ಅಂತ ಕೆಲವು ಗೆಳೆಯರು ಕೇಳಬಹುದು. ಕೇಳಲಿ. ಆ ಹಣ್ಣು ಕೊಯ್ಯುವ ಕೈ ನಮ್ಮದು. ಆ ಪೀಪಾಯಿ ತೊಳೆಯುವ ಕೈ ನಮ್ಮದು. ಖಾಲಿಯಾದ ಬಾಟಲಿಯನ್ನು ತಿಪ್ಪೆಯಿಂದ ಹೆಕ್ಕುವ ಕೈಯೂ ನಮ್ಮದೇ. ಬಾಟಲಿಯ ಈ ತುದಿಯಿಂದ ಆ ತುದಿಯವರೆಗೆ ನಾವೇ ಇದ್ದೇವೆ. ನಡುವಿನಲ್ಲಿ, ಲೋಟ ಎತ್ತಿ ಹಿಡಿದು ಮೂಸಿ ನೋಡುವ ಆ ಒಂದು ಗಳಿಗೆಯಲ್ಲಿ ಮಾತ್ರ ನಾವಿಲ್ಲ. ನೀತಿಯ ಚರ್ಚೆ ನಡೆಯುವುದು ಆ ಒಂದು ಗಳಿಗೆಯಲ್ಲೇ.

ಮೊದಲು ಒಂದು ವಿಷಯ ಬಗೆಹರಿಸಿಕೊಳ್ಳೋಣ. ನಮ್ಮ ನಾಡಿನಲ್ಲಿ ಮನುಷ್ಯರಿಗಷ್ಟೇ ಅಲ್ಲ, ಕುಡಿಯುವ ಪದಾರ್ಥಕ್ಕೂ ಜಾತಿ ಇದೆ. ಈಚಲ ಮರದಿಂದ ಇಳಿಸಿದ ಹೆಂಡದಲ್ಲಿ ನೊರೆ ಎಬ್ಬಿಸುವ ಹುದುಗೂ ದ್ರಾಕ್ಷಿಯ ರಸವನ್ನು ವೈನ್ ಮಾಡುವ ಹುದುಗೂ ಬಹುಮಟ್ಟಿಗೆ ಒಂದೇ ಕುಲದವು. ಎರಡರ ಕೆಲಸವೂ ಒಂದೇ: ಸಕ್ಕರೆ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುವುದು. ಹೆಂಡದಲ್ಲಿ ಮದ್ಯಸಾರ ಸಾಮಾನ್ಯವಾಗಿ ನೂರಕ್ಕೆ 4ರಿಂದ 6 ಭಾಗ. ವೈನಿನಲ್ಲಿ 11ರಿಂದ 14. ಅಮಲಿನ ಲೆಕ್ಕ ಹಿಡಿದರೆ ವೈನೇ ಮುಂದು. ಆದರೂ ಹೆಂಡ ಕುಡಿದವನು ಕುಡುಕ, ವೈನ್ ಕುಡಿದವನು ರಸಿಕ. ಹೆಂಡದ ಅಂಗಡಿಯಲ್ಲಿ ನಮ್ಮ ಹಿರಿಯರಿಗೆ ತೆಂಗಿನ ಚಿಪ್ಪು, ಉಳಿದವರಿಗೆ ಲೋಟ. ಹುದುಗು ಜಾತಿ ಕೇಳುವುದಿಲ್ಲ. ಚಿಪ್ಪು ಕೊಡುವ ಕೈ ಕೇಳುತ್ತದೆ.

ಸರ್ಕಾರವೂ ಇದೇ ಲೆಕ್ಕ ಹಿಡಿಯಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದೇ 2007ರ ಹೆಸರು ಹೊತ್ತು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ವೈನ್ ಮಂಡಳಿ ಬಂತು, ವೈನ್ ಘಟಕಗಳಿಗೆ ಪ್ರೋತ್ಸಾಹ ಬಂತು. ಸಾರಾಯಿ ಹೋಯಿತೆಂದು ನಾವು ಅಳುವುದಿಲ್ಲ. ಪ್ಯಾಕೆಟ್ ಸಾರಾಯಿ ನಮ್ಮ ಕೇರಿಗಳಲ್ಲಿ ಏನು ಮಾಡಿತು ಅನ್ನುವುದು ನಮ್ಮ ಅವ್ವಂದಿರ ಮೈಮೇಲೆ ಬರೆದಿದೆ. ಆದರೆ ಒಂದೇ ವರ್ಷದಲ್ಲಿ ಒಂದನ್ನು ಪಿಡುಗು ಅಂತಲೂ ಇನ್ನೊಂದನ್ನು ಅಭಿವೃದ್ಧಿ ಅಂತಲೂ ಕರೆದ ಆ ನಾಲಿಗೆಯನ್ನು ನೆನಪಿಟ್ಟುಕೊಳ್ಳಬೇಕು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು. ಅಬಕಾರಿ ಖಜಾನೆ ಬತ್ತಲಿಲ್ಲ. ಈಚಿನ ವರ್ಷಗಳಲ್ಲಿ ಅದು ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಯನ್ನೂ ದಾಟಿದೆ. ಪಾನನಿರೋಧಕ್ಕೆ ಪ್ರಯತ್ನಿಸಬೇಕು ಎನ್ನುವ ಸಂವಿಧಾನದ 47ನೆಯ ವಿಧಿ ಪುಸ್ತಕದಲ್ಲಿ ಹಾಗೇ ಇದೆ.

ಇನ್ನು 'ಸಣ್ಣದು' ಎಂಬ ಮೌಲ್ಯಕ್ಕೆ ಬರೋಣ. ಸಣ್ಣದೆಲ್ಲ ಸುಂದರ ಅನ್ನುವ ಮಾತು ಪೇಟೆಯವರಿಗೆ ಹಿತವಾಗಿರಬಹುದು. ಹಳ್ಳಿಯಿಂದ ಬಂದ ನಮಗೆ ಹಾಗಲ್ಲ. ನಮ್ಮನ್ನು ಜೀತಕ್ಕೆ ಇಟ್ಟುಕೊಂಡವರು ದೊಡ್ಡ ಕಂಪನಿಗಳಲ್ಲ, ಹತ್ತಿಪ್ಪತ್ತು ಎಕರೆಯ ಗೌಡರು, ಪಟೇಲರು. ಅವರಿಗೆ ನಮ್ಮ ಹೆಸರು ಗೊತ್ತಿತ್ತು, ನಮ್ಮಪ್ಪನ ಹೆಸರು ಗೊತ್ತಿತ್ತು, ನಮ್ಮ ಮನೆಯಲ್ಲಿ ಒಲೆ ಹತ್ತಿದೆಯೋ ಇಲ್ಲವೋ ಅದೂ ಗೊತ್ತಿತ್ತು. ಆ ಹತ್ತಿರವೇ ಅವರ ಚಾಟಿಯಾಗಿತ್ತು. ದೊಡ್ಡ ಕಾರ್ಖಾನೆಯ ಗೇಟಿನ ಮುಂದೆ ಸಂಘ ಕಟ್ಟಬಹುದು, ಬಾವುಟ ನೆಡಬಹುದು. ಆರು ಜನ ದುಡಿಯುವ ತೋಟದಲ್ಲಿ ಬಾಯಿ ಬಿಟ್ಟವನು ಮಾರನೆಯ ದಿನ ಊರಲ್ಲೇ ಕೆಲಸ ಕಳೆದುಕೊಳ್ಳುತ್ತಾನೆ. ಆದ್ದರಿಂದ ಸಣ್ಣತನ ತಾನಾಗಿಯೇ ಮೌಲ್ಯವಲ್ಲ. ಅದು ಒಂದು ಅವಕಾಶ ಮಾತ್ರ. ಸಣ್ಣ ಜಾಗದಲ್ಲಿ ಸಂಬಂಧ ಮಾನವೀಯವಾಗಬಹುದು, ಕ್ರೂರವೂ ಆಗಬಹುದು. ಯಾವುದು ಎಂಬುದನ್ನು ತೋಟದ ಅಳತೆ ನಿರ್ಧರಿಸುವುದಿಲ್ಲ. ಹಾಜರಿ ಪುಸ್ತಕ ನಿರ್ಧರಿಸುತ್ತದೆ.

ಈ ಮಾತಿಗೆ ಸಾಕ್ಷಿ ಬೇಕಾದವರು ದಕ್ಷಿಣ ಆಫ್ರಿಕಾದ ಕಡೆ ನೋಡಬೇಕು. ಕೇಪ್ ಪ್ರಾಂತದಲ್ಲಿ ಡಚ್ಚರು ಮೊದಲ ವೈನ್ ಹಿಂಡಿದ್ದು 1659ರ ಫೆಬ್ರವರಿಯಲ್ಲಿ. ಆಮೇಲೆ ಆ ತೋಟಗಳನ್ನು ಬೆಳೆಸಿದ್ದು ಗುಲಾಮರ ಕೈ. ಆ ಗುಲಾಮರಲ್ಲಿ ಮಡಗಾಸ್ಕರ್, ಮೊಜಾಂಬಿಕ್‌ನವರ ಜೊತೆಗೆ ನಮ್ಮ ಮಲಬಾರ್, ಕೋರಮಂಡಲ, ಬಂಗಾಳದ ಕರಾವಳಿಗಳಿಂದ ಹಡಗು ಹತ್ತಿಸಿದವರೂ ಇದ್ದರು. 1834ರಲ್ಲಿ ಗುಲಾಮಗಿರಿ ಹೋಯಿತು ಅಂತ ಘೋಷಣೆಯಾಯಿತು. 'ಕೆಲಸ ಕಲಿಯುವುದು' ಎಂಬ ಹೆಸರಿನಲ್ಲಿ ಇನ್ನೂ ನಾಲ್ಕು ವರ್ಷ ದುಡಿಸಿಕೊಂಡರು. ಆದರೆ ಹಗ್ಗ ಬಿಚ್ಚಿದ ಮೇಲೂ ಆಳು ಓಡಿಹೋಗದಂತೆ ತಡೆಯುವ ಉಪಾಯ ಬೇಕಲ್ಲ? ಅದಕ್ಕೆ 'ಡಾಪ್' ಪದ್ಧತಿ ಇತ್ತು. ಕೂಲಿಯ ಒಂದು ಪಾಲನ್ನು ದುಡ್ಡಿನ ಬದಲು ಅಗ್ಗದ ವೈನಾಗಿ ಕೊಡುವುದು. ಬೆಳಗ್ಗೆ ಒಂದು ಲೋಟ, ನಡುನಡುವೆ ಒಂದೊಂದು, ಸಂಜೆ ಇನ್ನೊಂದು. ತೋಟದ ಮಾಲೀಕನಿಗೆ ಮಾರಲಾಗದ ವೈನ್ ಖರ್ಚಾಯಿತು, ಕೂಲಿಯೂ ಉಳಿಯಿತು, ಆಳೂ ಉಳಿದ. 1960ರ ದಶಕದಲ್ಲೇ ಕಾನೂನು ಇದನ್ನು ನಿಷೇಧಿಸಿದರೂ ಹಲವು ತೋಟಗಳಲ್ಲಿ ಅದು 1990ರ ದಶಕದವರೆಗೂ ಎಳೆದುಕೊಂಡು ಬಂತು. ಇವತ್ತಿಗೂ ಆ ಪ್ರಾಂತದಲ್ಲಿ ಹುಟ್ಟುವ ಎಷ್ಟೋ ಮಕ್ಕಳು ತಾಯಿಯ ಹೊಟ್ಟೆಯಲ್ಲೇ ಮದ್ಯದ ಏಟು ತಿಂದು ಬರುತ್ತವೆ. ಜಗತ್ತಿನಲ್ಲಿ ದಾಖಲಾದ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಮಾಲೀಕರಲ್ಲಿ ಒಕ್ಕಲುತನವನ್ನು ಪ್ರೀತಿಸಿದವರು, ಮಣ್ಣನ್ನು ಮಗುವಿನಂತೆ ನೋಡಿಕೊಂಡವರು ಇರಲಿಲ್ಲವೇ? ಇದ್ದರು. ಮಣ್ಣನ್ನು ಮಗುವಿನಂತೆ ನೋಡಿಕೊಳ್ಳುವುದೂ ಮಗುವನ್ನು ಮಣ್ಣಿನಂತೆ ನೋಡುವುದೂ ಒಂದೇ ಅಂಗಳದಲ್ಲಿ ನಡೆಯಬಲ್ಲವು.

2012ರ ಕೊನೆಯಲ್ಲಿ ಅದೇ ಪ್ರಾಂತದ ಡಿ ಡೂರ್ನ್ಸ್ ಎಂಬ ದ್ರಾಕ್ಷಿ ಕಣಿವೆಯಲ್ಲಿ ಕೂಲಿಗಳು ಕೆಲಸ ನಿಲ್ಲಿಸಿ ರಸ್ತೆಗೆ ಬಂದರು. ಆಗ ಕನಿಷ್ಠ ಕೂಲಿ ದಿನಕ್ಕೆ 69 ರ‍್ಯಾಂಡ್. ಅವರು ಕೇಳಿದ್ದು 150. 2013ರಲ್ಲಿ ಸಿಕ್ಕಿದ್ದು 105. ಅದಕ್ಕೂ ಮುಂಚೆ, 1965ರ ಸೆಪ್ಟೆಂಬರ್ 8ರಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ಲ್ಯಾರಿ ಇಟ್ಲಿಯಾಂಗ್ ಮುಂದಾಳಾಗಿ ಫಿಲಿಪಿನೊ ಕೂಲಿಗಳು ದ್ರಾಕ್ಷಿ ತೋಟದಿಂದ ಹೊರಬಂದರು. ಒಂದು ವಾರದಲ್ಲಿ ಮೆಕ್ಸಿಕನ್ ಕೂಲಿಗಳೂ ಸೇರಿಕೊಂಡರು. ಅದಕ್ಕೂ ಹಿಂದೆ ಒಬ್ಬರ ಮುಷ್ಕರ ಮುರಿಯಲು ಮಾಲೀಕರು ಇನ್ನೊಬ್ಬರನ್ನು ಬಳಸುತ್ತಿದ್ದರು. ಎರಡು ಕೇರಿಗಳ ಜನ ಒಂದಾದ ಮೇಲೆ ಹೋರಾಟ ಐದು ವರ್ಷ ನಡೆಯಿತು. ಊರೂರಿನ ಜನ ದ್ರಾಕ್ಷಿ ಕೊಳ್ಳುವುದನ್ನೇ ಬಿಟ್ಟರು. 1970ರಲ್ಲಿ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು. ದ್ರಾಕ್ಷಿಯ ಇತಿಹಾಸದಲ್ಲಿ ನೀತಿ ಎಂಬುದು ಯಾವತ್ತೂ ಮಾಲೀಕನ ಮನಸ್ಸಿನಿಂದ ತಾನಾಗಿ ಉದುರಿಲ್ಲ. ಕೊಯ್ಯುವವರು ಕತ್ತರಿ ಕೆಳಗಿಟ್ಟಾಗ ಅದು ಹುಟ್ಟಿದೆ.

ಈಗ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ತೋಟಗಳಿಗೆ ಬನ್ನಿ. ಅಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ: ಏಪ್ರಿಲ್ ಸುಮಾರಿಗೆ ಒಂದು, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ ಇನ್ನೊಂದು. ಅಕ್ಟೋಬರಿನಲ್ಲಿ ಸವರಿದ ಬಳ್ಳಿಯ ಕಣ್ಣುಗಳೆಲ್ಲ ಒಂದೇ ಸಲಕ್ಕೆ ಒಡೆಯಲಿ ಅಂತ ಹೈಡ್ರೋಜನ್ ಸೈನಮೈಡ್ ಎಂಬ ರಾಸಾಯನಿಕ ಹಚ್ಚುತ್ತಾರೆ. ಕಣ್ಣುಕಣ್ಣಿಗೂ ಬಟ್ಟೆಯಲ್ಲೋ ಸ್ಪಂಜಿನಲ್ಲೋ ಕೈಯಿಂದ ಒತ್ತುವ ಕೆಲಸ. ಇದು ಚರ್ಮ ಸುಡುತ್ತದೆ. ಇದರ ಇನ್ನೊಂದು ಗುಣ ಕೇಳಿ: ಮೈಗೆ ಸೇರಿದ ಮದ್ಯವನ್ನು ದೇಹ ಕರಗಿಸದಂತೆ ಇದು ತಡೆಯುತ್ತದೆ. ಆದ್ದರಿಂದ ಇದನ್ನು ಮುಟ್ಟಿದವರು ಮುಂಚೆಯೂ ಆಮೇಲೂ ಕೆಲವು ದಿನ ಒಂದು ಗುಟುಕೂ ಕುಡಿಯಬಾರದು. ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಯುರೋಪಿನ ಒಕ್ಕೂಟ 2008ರಲ್ಲಿ ಇದಕ್ಕೆ ಒಪ್ಪಿಗೆ ನಿರಾಕರಿಸಿತು. ನಮ್ಮಲ್ಲಿ ಕೈಗವಸಿಲ್ಲದ ಕೈಗಳು ಹಚ್ಚುತ್ತವೆ. ಯೋಚಿಸಿ ನೋಡಿ: ಯಾರ ಕೈಯಿಂದ ದ್ರಾಕ್ಷಿ ಚಿಗುರಿತೋ ಆ ಮನುಷ್ಯನಿಗೆ ಆ ವಾರ ದ್ರಾಕ್ಷಾರಸವೇ ವಿಷ. ನಮ್ಮ ವ್ಯವಸ್ಥೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಕವಿ ಹೇಳಬಲ್ಲ?

'ನಾವು ಸಾವಯವ, ಇದೆಲ್ಲ ಬಳಸಲ್ಲ' ಅಂತ ಸಣ್ಣ ವೈನಿನವರು ಹೇಳಿಯಾರು. ಒಳ್ಳೆಯದು. ಆದರೆ ಸಾವಯವ ಅಂದರೆ ಏನೂ ಹೊಡೆಯದಿರುವುದಲ್ಲ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ಸೀಮೆಯಲ್ಲಿ, 1880ರ ದಶಕದಲ್ಲಿ. ಮೈಲುತುತ್ತ ಮತ್ತು ಸುಣ್ಣ. ಸಾವಯವ ತೋಟಗಳಿಗೂ ಅದೇ ಗತಿ. ಅದರ ತಾಮ್ರ ಕರಗಿ ಹೋಗುವುದಿಲ್ಲ, ಮಣ್ಣಿನಲ್ಲೇ ಕೂರುತ್ತದೆ. ಅದಕ್ಕೇ ಯುರೋಪಿನಲ್ಲಿ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಎಂಬ ಮಿತಿ ಹಾಕಿದ್ದಾರೆ. ಕಳೆನಾಶಕ ಬಿಟ್ಟರೆ ಕಳೆ ಕೀಳಬೇಕು. ಕೀಳುವವರು ಯಾರು? ಬಗ್ಗಿದ ಬೆನ್ನುಗಳು, ಅದರಲ್ಲೂ ಹೆಣ್ಣುಮಕ್ಕಳ ಬೆನ್ನುಗಳು. ಸಮಾನ ವೇತನದ ಕಾನೂನು 1976ರಲ್ಲೇ ಬಂದರೂ ಅದೇ ಸಾಲಿನಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ. ವಿಷ ತೆಗೆದು ಆ ಜಾಗಕ್ಕೆ ಅಗ್ಗದ ಬೆವರು ಸುರಿದರೆ ಮಣ್ಣು ಬದುಕಬಹುದು, ನೀತಿ ಬದುಕುವುದಿಲ್ಲ.

ಇನ್ನು ಹುಳಿ ಬರಿಸುವ ಮನೆಗೆ ಹೋಗೋಣ. ಒಂದು ಲೀಟರು ದ್ರಾಕ್ಷಿರಸ ವೈನಾಗುವಾಗ ಸುಮಾರು 40ರಿಂದ 50 ಲೀಟರು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗಾಳಿಗಿಂತ ಒಂದೂವರೆಪಟ್ಟು ಭಾರವಾದ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ತೊಟ್ಟಿಯ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಚರಟ ಬಾಚಲು, ತೊಳೆಯಲು ಒಳಗಿಳಿದವನು ಒಂದೆರಡು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ದ್ರಾಕ್ಷಿ ಸೀಮೆಗಳಲ್ಲಿ ಇದು ಹಳೆಯ ಸಾವು. ನಮಗೂ ಹಳೆಯದೇ. ಮ್ಯಾನ್‌ಹೋಲಿನಲ್ಲಿ ಅನಿಲ ಬೇರೆ, ಇಳಿಯುವ ದೇಹ ಒಂದೇ. ಮಲ ಬಾಚಿಸುವುದನ್ನು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಕಾನೂನು ನಿಷೇಧಿಸಿತು. ಗುಂಡಿಯಲ್ಲಿ ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. ಸಾವಿನ ರೇಟು ಏರಿದೆ, ಇಳಿಯುವವರ ಜಾತಿ ಬದಲಾಗಿಲ್ಲ. ಸಣ್ಣ ವೈನಿನ ಮನೆಯಲ್ಲಿ ಯಂತ್ರ ಕಡಿಮೆ, ಕೈ ಹೆಚ್ಚು. ಹಾಗಾದರೆ ಮೊದಲು ಕೇಳಬೇಕಾದ ನೀತಿಯ ಪ್ರಶ್ನೆ ಹುದುಗಿನದಲ್ಲ: ತೊಟ್ಟಿಗೆ ಇಳಿಯುವವನು ಯಾರು? ಗಾಳಿ ಆಡಿಸುವ ಫ್ಯಾನು ಇದೆಯೇ? ಅನಿಲ ಅಳೆಯುವ ಯಂತ್ರ ಇದೆಯೇ? ಮಾಲೀಕನ ಮಗ ಆ ತೊಟ್ಟಿಗೆ ಇಳಿಯುತ್ತಾನೆಯೇ?

ನೀರಿನ ಮಾತೂ ಇದೆ. 125 ಮಿಲಿಲೀಟರಿನ ಒಂದು ಲೋಟ ವೈನಿನ ಹಿಂದೆ, ಮಳೆನೀರೂ ಸೇರಿ, ಸುಮಾರು 110 ಲೀಟರು ನೀರು ಇದೆ ಅನ್ನುವುದು ಜಗತ್ತಿನ ಸರಾಸರಿ ಲೆಕ್ಕ. 'ಬೆಂಗಳೂರು ಬ್ಲೂ' ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಬೆಳೆಯುವ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ ಇಳಿದಿದೆ. ಸಾವಿರ ಅಡಿಯ ಬಾವಿ ಕೊರೆಸುವವರು ಯಾರು? ದುಡ್ಡಿದ್ದವರು. ಬತ್ತುವುದು ಯಾರ ಬಾವಿ? ಪಕ್ಕದ ಕೇರಿಯದು. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೇಲಿನವರು ಬಳಸಿ ಬಿಟ್ಟದ್ದು ಕೆಳಗಿನವರಿಗೆ: ಇದೂ ನಮಗೆ ಹೊಸದಲ್ಲ. ಭೂಮಿಯದೂ ಅದೇ ಕತೆ. ದಲಿತರಿಗೆ ಮಂಜೂರಾದ ಭೂಮಿ ಕೈಜಾರಬಾರದು ಅಂತ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯಿದೆ ಬಂತು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಅಂತ 2020ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ಬಂತು. ಬೆಟ್ಟದ ಬುಡದಲ್ಲಿ ಹತ್ತು ಎಕರೆ ಕೊಂಡು 'ಸಣ್ಣ' ವೈನ್ ಮಾಡುವ ನಗರದ ಗೆಳೆಯರು ತಮ್ಮ ಭೂಮಿಯ ಹಿಂದಿನ ಪಹಣಿಗಳನ್ನೂ ಓದಲಿ. ಮಣ್ಣಿನ ರುಚಿ ಅಂತ ಅವರು ಹೇಳುವುದರಲ್ಲಿ ಆ ಹೆಸರುಗಳೂ ಸೇರಿವೆ.

ಇವರ ಇನ್ನೊಂದು ಮಾತು ನಮ್ಮನ್ನು ಚುಚ್ಚುತ್ತದೆ. 'ಶುದ್ಧ ವೈನ್', 'ಪರಿಶುದ್ಧ ವೈನ್'. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಮೀನಿನ ಗಾಳಿಚೀಲದ ಅಂಟು ಬಳಸುವುದುಂಟು. ಬಳಸಿದ್ದರೆ ಬಳಸಿದ್ದೇವೆ ಅಂತ ಬರೆಯಬೇಕು. ಗಂಧಕ ಹಾಕಿದ್ದರೆ ಹಾಕಿದ್ದೇವೆ ಅಂತ ಬರೆಯಬೇಕು. ಅದು ಸತ್ಯದ ಪ್ರಶ್ನೆ, ಕುಡಿಯುವವನ ಹಕ್ಕಿನ ಪ್ರಶ್ನೆ. ಆದರೆ ಸತ್ಯ ಬೇರೆ, ಮಡಿ ಬೇರೆ. ಶುದ್ಧ ಎಂಬ ಪದ ಈ ದೇಶದಲ್ಲಿ ನಮ್ಮನ್ನು ಬಾವಿಯಿಂದ ದೂರ ಇಟ್ಟ ಪದ. ಅಷ್ಟಕ್ಕೂ ವೈನ್ ಅಂದರೇನು? ಲಕ್ಷಾಂತರ ಕಣ್ಣಿಗೆ ಕಾಣದ ಜೀವಿಗಳು ಮುಟ್ಟಿ, ತಿಂದು, ಉಗುಳಿ ಮಾಡಿದ ಪದಾರ್ಥ. ಎಂಜಲೇ ಅದರ ಗುಣ, ಮುಟ್ಟಿಸಿಕೊಳ್ಳುವುದೇ ಅದರ ಹುಟ್ಟು. ಮಡಿಯಲ್ಲಿ ಇಟ್ಟ ದ್ರಾಕ್ಷಿರಸ ದ್ರಾಕ್ಷಿರಸವಾಗಿಯೇ ಉಳಿಯುತ್ತದೆ. ಹೀಗಾಗಿ ವೈನಿನವರು 'ಶುದ್ಧ' ಎಂಬ ಪದವನ್ನು ಬಿಟ್ಟು 'ಪ್ರಾಮಾಣಿಕ' ಎಂಬ ಪದ ಹಿಡಿಯಲಿ.

ಇಷ್ಟೆಲ್ಲ ಆದ ಮೇಲೂ ಗಟ್ಟಿ ಪ್ರಶ್ನೆ ಒಂದು ಉಳಿಯುತ್ತದೆ. ಕೂಲಿ ಸರಿ ಕೊಟ್ಟು, ನೀರು ಹಂಚಿಕೊಂಡು, ತೊಟ್ಟಿಗೆ ಫ್ಯಾನು ಹಾಕಿ ಮಾಡಿದರೂ ಅದು ಮದ್ಯವೇ ಅಲ್ಲವೇ? 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಕಿಚ್ಚು ರಾಜ್ಯವನ್ನೇ ಹಿಡಿಯಿತು. 2019ರ ಜನವರಿಯಲ್ಲಿ ನಮ್ಮದೇ ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಒಡೆದ ಹಿಮ್ಮಡಿಗಳ ಮುಂದೆ ನಿಂತು 'ಅಕ್ಕಾ, ನಮ್ಮದು ನೈತಿಕ ವೈನ್' ಅಂತ ಹೇಳುವ ಧೈರ್ಯ ಯಾರಿಗಿದೆ?

ಈ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ಎರಡು ದಾರಿಗಳಿವೆ. ಒಂದು ನಾರಾಯಣ ಗುರುಗಳದು. ಹೆಂಡ ಇಳಿಸುವುದನ್ನೇ ಕುಲಕಸುಬಾಗಿ ಹೊತ್ತ ಜನಕ್ಕೆ ಆ ಕಸುಬನ್ನೇ ಬಿಡಿ ಅಂದವರು ಅವರು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಬಿಲ್ಲವರಿಗಾಗಿ ಗುಡಿ ಕಟ್ಟಿಕೊಟ್ಟವರೂ ಅವರೇ. ಹೆಂಡ ಬಿಡಿ ಅಂದದ್ದು ಮಡಿಗಾಗಿ ಅಲ್ಲ. ಮೇಲಿನವರು ಹೇರಿದ ಕಸುಬು ನಿಮ್ಮ ಹಣೆಬರಹವಲ್ಲ ಅನ್ನುವುದಕ್ಕಾಗಿ. ಇನ್ನೊಂದು ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನದು. ಹೆಂಡ ಮಾರುತ್ತಲೇ ಶರಣರ ಸಾಲಿನಲ್ಲಿ ಕೂತವನು, ವಚನ ಬರೆದವನು. ಕಸುಬು ಯಾವುದೇ ಇರಲಿ, ಮಾಡುವವನ ತಲೆ ಬಾಗಬೇಕಿಲ್ಲ ಅನ್ನುವುದನ್ನು ಅವನ ಹೆಸರೇ ಹೇಳುತ್ತದೆ. ಇವೆರಡು ಒಂದಕ್ಕೊಂದು ಎದುರು ಅಂತ ಕಾಣಬಹುದು. ನಮಗೆ ಹಾಗೆ ಕಾಣುವುದಿಲ್ಲ. ಇಬ್ಬರೂ ಕೇಳಿದ್ದು ಒಂದನ್ನೇ: ಪದಾರ್ಥಕ್ಕಿಂತ ಮನುಷ್ಯ ದೊಡ್ಡವನಾಗಿರಲಿ. ಬಿಡುವ ಸ್ವಾತಂತ್ರ್ಯ ಇಲ್ಲದ ಕಡೆ ಕಾಯಕವಿಲ್ಲ, ಜೀತವಿದೆ. ಬೇಡ ಅನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ಪಾನವಿಲ್ಲ, ಡಾಪ್ ಇದೆ.

ಹಾಗಾಗಿ ನಾವು ಮುಂದಿಡುವ ಮೌಲ್ಯಗಳು ಇಷ್ಟು. ಕೊಯ್ಯುವವರ ಕೂಲಿ ಗಂಡಿಗೂ ಹೆಣ್ಣಿಗೂ ಒಂದೇ ಇರಲಿ, ಅದು ದುಡ್ಡಿನಲ್ಲೇ ಇರಲಿ, ಒಂದು ಹನಿಯೂ ಮದ್ಯದಲ್ಲಿ ಬೇಡ. ಯಾರ ಉಸಿರನ್ನೂ ಪಣಕ್ಕಿಡುವ ಕೆಲಸ ಬೇಡ; ಮಾಲೀಕ ಇಳಿಯದ ತೊಟ್ಟಿಗೆ ಆಳೂ ಇಳಿಯುವುದಿಲ್ಲ. ಕೇರಿಯ ಬಾವಿಯಲ್ಲಿ ನೀರಿದ್ದರೆ ಮಾತ್ರ ತೋಟಕ್ಕೆ ನೀರು. ಹಿಂಡಿದ ಚರಟ ಗೊಬ್ಬರವಾಗಿ ಮಣ್ಣಿಗೆ ಮರಳಲಿ. ವೈನಿನಿಂದ ಭೂಮಿಯ ಮೇಲೆ ಬೀಳುವ ಹೊರೆಯಲ್ಲಿ ಬಹುದೊಡ್ಡ ಪಾಲು ಗಾಜಿನದು; ಆದ್ದರಿಂದ ಬಾಟಲಿ ತೊಳೆದು ಮತ್ತೆ ತುಂಬಲಿ, ಹೆಕ್ಕುವವರಿಗೂ ತೊಳೆಯುವವರಿಗೂ ತಕ್ಕ ದುಡ್ಡು ಸಿಗಲಿ. ಒಳಗೆ ಏನಿದೆಯೋ ಅದೇ ಚೀಟಿಯ ಮೇಲೆ ಇರಲಿ. ಮಾರುವುದಕ್ಕೊಂದು ಮಿತಿ ಇರಲಿ; ಊರಿನ ಹೆಂಗಸರು ಬೇಡ ಅಂದ ಕಡೆ ಅಂಗಡಿ ಬೇಡ. ಕೊನೆಯದು, ಎಲ್ಲಕ್ಕಿಂತ ದೊಡ್ಡದು: ಲಾಭದಲ್ಲಿ ಪಾಲು, ಭೂಮಿಯಲ್ಲಿ ಪಾಲು. ಪಾಲಿಲ್ಲದ ಮೌಲ್ಯ ಧರ್ಮಛತ್ರದ ಊಟ ಇದ್ದಂತೆ. ಕೊಡುವವನಿಗೆ ಪುಣ್ಯ, ಉಣ್ಣುವವನಿಗೆ ಋಣ.

ಇದೆಲ್ಲ ಮಾಡಿದರೆ ವೈನ್ ದುಬಾರಿಯಾಗುತ್ತದೆ ಅಂತ ಹೇಳಿಯಾರು. ಆಗಲಿ. ಒಂದು ಬಾಟಲಿಗೆ ಒಂದು ಕಿಲೋಗೂ ಹೆಚ್ಚು ದ್ರಾಕ್ಷಿ ಬೇಕು. ಆ ಒಂದು ಕಿಲೋ ಕೊಯ್ದವಳ ಕೈಗೆ ಬಾಟಲಿಯ ಬೆಲೆಯಲ್ಲಿ ಎಷ್ಟು ಹೋಯಿತು ಅಂತ ಲೆಕ್ಕ ಕೊಡಲಿ, ಆಮೇಲೆ ದುಬಾರಿಯ ಮಾತಾಡೋಣ. ಮಣ್ಣಿನ ರುಚಿ ಹಿಡಿಯಬಲ್ಲ ನಾಲಿಗೆಗೆ ಬೆವರಿನ ಉಪ್ಪು ಗೊತ್ತಾಗುವುದಿಲ್ಲ ಅಂದರೆ ನಾವು ನಂಬುವುದಿಲ್ಲ.

ದ್ರಾಕ್ಷಿ ತೋಟಗಳಲ್ಲಿ, ವೈನಿನ ಮನೆಗಳಲ್ಲಿ ದುಡಿಯುವ ಅಕ್ಕತಂಗಿಯರು, ಅಣ್ಣತಮ್ಮಂದಿರು ತಮ್ಮ ಕೂಲಿ, ತಮ್ಮ ಕೈ, ತಮ್ಮ ಉಸಿರಿನ ಲೆಕ್ಕವನ್ನು ತಾವೇ ಬರೆಯಲಿ. ಬರೆಯಲು ಬಾರದವರು ಹೇಳಲಿ, ಬರೆದುಕೊಳ್ಳುವವರು ನಾವಿದ್ದೇವೆ. ನೀತಿಯ ಪುಸ್ತಕ ಇನ್ನು ಮೇಲೆ ಆ ಕಡೆಯಿಂದ ಶುರುವಾಗಬೇಕು.